ನೋವು ಚಿಕ್ಕದಿರುವಾಗಲೇ ಕೇಳಿಸಿಕೊಳ್ಳಿ

ಮಕ್ಕಳೇ, ನಮ್ಮ ಕೋಲಾರ ಸೀಮೆಯ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಮುಂದಾಳುಗಳಾಗುತ್ತಿರುವುದನ್ನು ನೋಡಿ ಸಂತೋಷಪಡುತ್ತಿದ್ದೇನೆ. ಒಬ್ಬಳು ಶ್ರೀನಿವಾಸಪುರದ ಕಡೆ ಹಾಲಿನ ಡೈರಿಗೆ ಅಧ್ಯಕ್ಷೆ. ಒಬ್ಬ ಮಾಲೂರಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಇನ್ನೊಬ್ಬಳು ಮುಳಬಾಗಿಲಿನ ಹಳ್ಳಿಯಲ್ಲಿ ಪಂಚಾಯ್ತಿ ಮೆಂಬರು. ಜವಾಬ್ದಾರಿ ಹೆಗಲಿಗೆ ಬಂದ ಕೂಡಲೇ ಕುರುಡುಮಲೆ ಗಣಪನಿಗೋ ಕೋಲಾರಮ್ಮನಿಗೋ ಕೈಮುಗಿದು ಬರುತ್ತೀರಿ. ದರ್ಗಾಕ್ಕೆ, ಚರ್ಚಿಗೆ ಹೋಗುವವರೂ ಇದ್ದೀರಿ. ಒಳ್ಳೆಯದೇ. ಆದರೆ ಆ ನಂಬಿಕೆ ನಿಮ್ಮ ಜೊತೆ ಕುರ್ಚಿಯ ತನಕ ಬಂದಿದೆಯೋ ಇಲ್ಲವೋ ಎಂಬುದು ಯಾರಾದರೂ ಸಿಟ್ಟಿನಲ್ಲಿ ಎದುರಿಗೆ ಬಂದು ನಿಂತಾಗ ಗೊತ್ತಾಗುತ್ತದೆ. ನನ್ನ ಕಿವಿಮಾತು ಇಷ್ಟೇ: ಇನ್ನೊಬ್ಬರ ನೋವನ್ನು ಅದು ಚಿಕ್ಕದಿರುವಾಗಲೇ ಕೇಳಿಸಿಕೊಳ್ಳುವುದು ಮುಂದಾಳಿನ ಮೊದಲ ಕೆಲಸ. ಸುಮ್ಮನೆ ನಿಂತು ಕೇಳುವಷ್ಟು ತಾಳ್ಮೆಯನ್ನು ನಂಬಿಕೆ ಕೊಡದಿದ್ದರೆ, ಅದು ಹಣೆಗೆ ಹತ್ತಿದೆ, ಎದೆಗೆ ಇಳಿದಿಲ್ಲ ಎಂದೇ ಲೆಕ್ಕ.

ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ನರಸಾಪುರವೇ ತೋರಿಸಿತು. 2020ರ ಡಿಸೆಂಬರ್ 12ರ ಬೆಳಿಗ್ಗೆ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಾಜು ಪುಡಿಯಾಯಿತು, ವಾಹನಗಳಿಗೆ ಬೆಂಕಿ ಬಿತ್ತು. ಅಲ್ಲಿದ್ದವರಲ್ಲಿ ಬಹಳ ಮಂದಿ ಏಜೆನ್ಸಿಗಳ ಮೂಲಕ ಸೇರಿದ ಗುತ್ತಿಗೆ ಕೆಲಸಗಾರರು. ಸಂಬಳ ಕಡಿಮೆ ಬಂದಿದೆ, ತಡವಾಗಿದೆ ಎಂಬುದು ಅವರ ದೂರು. ಒಂದು ವಾರದೊಳಗೆ ಕಂಪನಿಯೇ ಕೆಲವರಿಗೆ ಸಂಬಳ ಸರಿಯಾಗಿ, ಹೊತ್ತಿಗೆ ಸರಿಯಾಗಿ ಸಿಕ್ಕಿಲ್ಲವೆಂದು ಒಪ್ಪಿಕೊಂಡಿತು, ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಲೋಪ ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದು ಆ್ಯಪಲ್ ಹೇಳಿತು. ಇತ್ತ ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಒಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಬಳದ ಚೀಟಿ ಹಿಡಿದು ಬಂದ ಹುಡುಗನಿಗೆ ‘ಬಾಪ್ಪಾ, ಕೂತ್ಕೋ, ಎಲ್ಲಿ ತಪ್ಪಾಗಿದೆ ನೋಡೋಣ’ ಎನ್ನುವುದು ವಾರದ ನಂತರ ಕೇಳುವ ಕ್ಷಮೆಗಿಂತ ಎಷ್ಟೋ ಸುಲಭ. ಲೈನಿನ ಮೇಲೆ ನಿಂತು ಹತ್ತು ಜನರಿಂದ ಕೆಲಸ ಮಾಡಿಸುವ ನೀವು ಇದನ್ನು ಮರೆಯಬೇಡಿ. ಮೇಲಿನವರ ಗುರಿಯನ್ನು ಕೆಳಗೆ ದಾಟಿಸುವುದಷ್ಟೇ ನಿಮ್ಮ ಕೆಲಸವೆಂದುಕೊಂಡರೆ ಕೆಳಗಿನವರ ಕಷ್ಟವನ್ನು ಮೇಲೆ ಮುಟ್ಟಿಸುವವರು ಯಾರು?

ಡೈರಿಯ ಅಧ್ಯಕ್ಷೆಗೂ ಇದೇ ಮಾತು. ಬೆಳಗಿನ ಜಾವ ಕ್ಯಾನು ಹಿಡಿದು ಸಾಲು ನಿಂತಿರುತ್ತದೆ. ಒಬ್ಬಾಕೆಯ ಹಾಲಿಗೆ ಫ್ಯಾಟು ಕಡಿಮೆ ಬರುತ್ತದೆ. ‘ನೀರು ಬೆರೆಸಿದ್ದೀಯಾ?’ ಎಂದು ಸಾಲಿನ ಮುಂದೆ ಕೇಳಿಬಿಟ್ಟರೆ ಕಡಿತವಾದ ನಾಲ್ಕು ಕಾಸನ್ನು ಆಕೆ ಮರೆತಾಳು, ಆ ಮಾತನ್ನು ಮರೆಯಳು. ಕರು ಹಾಕಿ ಎಷ್ಟು ದಿನವಾಯಿತು, ಮೇವು ಏನು ಹಾಕುತ್ತಿದ್ದೀರಿ ಎಂದು ಪಕ್ಕಕ್ಕೆ ಕರೆದು ವಿಚಾರಿಸಿ. ಸಾವಿರ ಅಡಿ ದಾಟಿಸಿದರೂ ಹನಿ ನೀರು ಕಾಣದ ಬೋರ್‌ವೆಲ್‌ಗೆ ಸಾಲ ಮಾಡಿದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಬಟವಾಡೆಯ ದಿನ ಹತ್ತು ರೂಪಾಯಿಗೆ ಜಗಳ ತೆಗೆಯುವವರ ಹಿಂದೆ ಲಕ್ಷದ ಚಿಂತೆ ಇದ್ದೀತು. ಲೆಕ್ಕದಲ್ಲಿ ಒಂದು ಪೈಸೆಯನ್ನೂ ಬಿಡಬೇಡಿ, ಮಾತಿನಲ್ಲಿ ಮಾತ್ರ ಬಿಗಿ ಬೇಡ.

ಇನ್ನು ನಿಮ್ಮ ಒಳಗಿನದು. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳಲ್ಲ, ಚೇಳಿನ ಭಯದಿಂದ ಕಾಯಲೆಂದು ಜನ ಅವಳಿಗೆ ಕಾಣಿಕೆ ಹಾಕುತ್ತಾರೆ. ನಮ್ಮ ಹಿರಿಯರು ಹೆದರಿಕೆಯನ್ನು ಮುಚ್ಚಿಡಲಿಲ್ಲ. ಅದಕ್ಕೆ ಹೆಸರಿಟ್ಟು, ಎದುರಿಗೆ ಹೋಗಿ ನಿಂತರು. ಸಭೆಯಲ್ಲಿ ನಿಮ್ಮ ದನಿ ಏರತೊಡಗಿದರೆ ಇದು ಸಿಟ್ಟೋ ಹೆದರಿಕೆಯೋ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಬಹಳ ಸಲ ಅದು ಹೆದರಿಕೆಯೇ ಆಗಿರುತ್ತದೆ: ಲೆಕ್ಕ ಕೂಡಲಿಲ್ಲವೆಂಬ ಹೆದರಿಕೆ, ಹುದ್ದೆ ಹೋದೀತೆಂಬ ಹೆದರಿಕೆ, ಎದುರಿನವನಿಗೆ ನನಗಿಂತ ಹೆಚ್ಚು ಗೊತ್ತೆಂಬ ಹೆದರಿಕೆ. ಗೊತ್ತಾದ ಮೇಲೆ ‘ಈ ಲೆಕ್ಕ ನನಗೂ ಅರ್ಥವಾಗುತ್ತಿಲ್ಲ, ಎರಡು ದಿನ ಟೈಮು ಕೊಡಿ’ ಎನ್ನಿ. ಹಾಗೆಂದವರನ್ನು ನಮ್ಮ ಜನ ಕೀಳಾಗಿ ನೋಡುವುದಿಲ್ಲ.

ನೋವು ನಿಮಗೇ ಆದಾಗ ಹೇಗಿರಬೇಕು? ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರನ್ನು ನೆನೆಯಿರಿ. 1914ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿ ದೊಡ್ಡ ಅಧಿಕಾರಿಯಾಗಿ ಬೆಳೆದವರು. ತಮಗಿಂತ ಕಿರಿಯರಿಗೆ ಮೇಲಿನ ಸ್ಥಾನ ಕೊಟ್ಟಾಗ 1943ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಅವಮಾನವನ್ನು ನುಂಗಿಕೊಂಡು ಕುರ್ಚಿಗೆ ಅಂಟಿ ಕೂರಲಿಲ್ಲ, ಹೊರಬಂದ ಮೇಲೆ ಅದನ್ನೇ ಮೆಲುಕು ಹಾಕುತ್ತಲೂ ಕೂರಲಿಲ್ಲ. ಮರುವರ್ಷವೇ ‘ಜೀವನ’ ಪತ್ರಿಕೆಯನ್ನು ಕೈಗೆತ್ತಿಕೊಂಡು ಎರಡು ದಶಕ ನಡೆಸಿದರು. ಶ್ರೀನಿವಾಸ ಎಂಬ ಕಾವ್ಯನಾಮದ ಈ ದೊಡ್ಡವರಿಗೆ ದೇವರಲ್ಲಿ ಗಟ್ಟಿ ಶ್ರದ್ಧೆಯಿತ್ತು, ಮನುಷ್ಯನ ಒಳ್ಳೆಯತನದಲ್ಲೂ ಅಷ್ಟೇ ನಂಬಿಕೆಯಿತ್ತು. ‘ಚಿಕವೀರ ರಾಜೇಂದ್ರ’ಕ್ಕೆ 1983ರ ಜ್ಞಾನಪೀಠ ಬರುವಾಗ ಅವರಿಗೆ ತೊಂಬತ್ತು ದಾಟಿತ್ತು. ಆ ಕಾದಂಬರಿಯನ್ನು ಓದಿ. ಒಬ್ಬ ಅರಸನ ಸಿಟ್ಟು, ಅನುಮಾನ, ಚಟಗಳು ಕೊಡಗಿನ ರಾಜ್ಯವನ್ನೇ ಹೇಗೆ ಕಳೆದವು ಎಂಬುದು ಅಲ್ಲಿದೆ. ಮುಂದಾಳಾಗುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ ದಾಟಿದವರಲ್ಲ. ಆದರೂ ಊರ ಹಿತದ ವಿಷಯವನ್ನು ಜನ ಕಲೆತು ಕೂತು ಚರ್ಚಿಸಬೇಕೆಂದು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಅವರ ಕಗ್ಗ ತೆರೆದರೆ ಉತ್ತರಕ್ಕಿಂತ ಮೊದಲು ಪ್ರಶ್ನೆಗಳೇ ಎದುರಾಗುತ್ತವೆ. ಪ್ರಶ್ನೆಗೆ ಹೆದರದ ಶ್ರದ್ಧೆ ಅದು. ಪಂಚಾಯ್ತಿಯಲ್ಲಿ ನಿಮ್ಮನ್ನು ಪ್ರಶ್ನಿಸಿದವರನ್ನು ವಿರೋಧಿಗಳ ಪಟ್ಟಿಗೆ ಸೇರಿಸುವ ಮೊದಲು ಗುಂಡಪ್ಪನವರನ್ನು ನೆನೆಯಿರಿ.

ಅದೇ ಮುಳಬಾಗಿಲಿನಲ್ಲಿ ಐದು ಶತಮಾನಕ್ಕೂ ಹಿಂದೆ ಶ್ರೀಪಾದರಾಜರಿದ್ದರು. ಶಾಸ್ತ್ರವೆಲ್ಲ ಸಂಸ್ಕೃತದಲ್ಲಿದ್ದ ಕಾಲದಲ್ಲಿ ಅಷ್ಟು ದೊಡ್ಡ ವಿದ್ವಾಂಸರು ಜನರ ಬಾಯಿಗೆ ಬರುವ ಕನ್ನಡದಲ್ಲಿ ರಂಗವಿಠಲನ ಹಾಡು ಕಟ್ಟಿದರು. ಅವರ ಬಳಿ ಕಲಿತ ವ್ಯಾಸರಾಯರು ಮುಂದೆ ವಿಜಯನಗರದಲ್ಲಿ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾದ ಗುರುವಾದರು. ತಿಳಿದವರು ತಿಳಿಯದವರ ಮಾತಿಗೆ ಇಳಿಯುವುದು, ಗುರು ಶಿಷ್ಯನನ್ನು ಬೆಳೆಯಲು ಬಿಡುವುದು, ಇವೆರಡೂ ಒಳಗೆ ಧೈರ್ಯವಿದ್ದವರಿಂದ ಮಾತ್ರ ಆಗುವ ಕೆಲಸ. ನಿಮ್ಮ ಕೈಕೆಳಗಿನ ಹುಡುಗಿ ನಿಮಗಿಂತ ಚುರುಕಾಗಿದ್ದರೆ ಅವಳ ಕೈಗೆ ಮೈಕು ಕೊಡಿ.

ಕಷ್ಟದ ಕಾಲಕ್ಕೆ ಇನ್ನೊಂದು ಮಾತು. 2025ರ ಜೂನ್‌ನಲ್ಲಿ ತೋತಾಪುರಿ ಮಾವಿನ ಬೆಲೆ ನೆಲಕಚ್ಚಿತು, ನಮ್ಮ ಹಣ್ಣು ಚಿತ್ತೂರಿಗೆ ಬರಬಾರದೆಂದು ಅತ್ತಲವರು ಗಡಿಯಲ್ಲಿ ತಡೆದರು, ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿದರು. ಅಂಥ ದಿನ ಮುಂದಾಳಿಗೆ ಎರಡು ಆಸೆಗಳು ಕಾಡುತ್ತವೆ: ಜನರ ಸಿಟ್ಟಿಗೆ ಇನ್ನಷ್ಟು ಸೀಮೆಎಣ್ಣೆ ಸುರಿದು ಚಪ್ಪಾಳೆ ಗಿಟ್ಟಿಸುವುದು ಒಂದು, ‘ಎಲ್ಲಾ ದೇವರು ನೋಡ್ಕೋತಾನೆ’ ಎಂದು ಜಾರಿಕೊಳ್ಳುವುದು ಇನ್ನೊಂದು. ಎರಡೂ ಬೇಡ. ಸರ್ಕಾರಕ್ಕೆ ಏನು ಕೇಳಿದ್ದೇವೆ, ಏನು ಸಿಕ್ಕಿದೆ, ಯಾವುದು ಇನ್ನೂ ಸಿಗಬೇಕು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕೈಯಲ್ಲಿಲ್ಲದ ಭರವಸೆ ಕೊಡಬೇಡಿ. ದೇವರ ಮೇಲೆ ಭಾರ ಹಾಕುವುದು ನಮ್ಮ ಪಾಲಿನ ಕೆಲಸ ಮುಗಿಸಿದ ಮೇಲೆ.

ಇದನ್ನೆಲ್ಲ ಓದಿ ತಲೆದೂಗಿದರೆ ಸಾಲದು, ನಾಳೆಯಿಂದಲೇ ಶುರುಮಾಡಿ. ಮುಂದಿನ ಸಭೆಗೆ ನಿಮ್ಮ ವಿರುದ್ಧ ಓಟು ಹಾಕಿದವರ ಮನೆಗೆ ನೀವೇ ಹೋಗಿ ಕರೆಯಿರಿ. ಸಭೆಯಲ್ಲಿ ಮೊದಲ ಮಾತು ಅವರದಾಗಲಿ, ನಡುವೆ ಬಾಯಿ ಹಾಕಬೇಡಿ. ಅವರು ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಆಮೇಲೆ ಏನು ಮಾಡಿದಿರಿ ಎಂಬುದನ್ನು ಮುಂದಿನ ಸಭೆಯಲ್ಲಿ ಓದಿ ಹೇಳಿ. ಮೊದಮೊದಲು ಕಷ್ಟವೆನಿಸುತ್ತದೆ. ನೀವು ಮುಗಿದ ಕೈಗೆ ಬಲ ಬೇಡಿಕೊಳ್ಳುವುದಾದರೆ ಈ ಕೆಲಸಕ್ಕೇ ಬೇಡಿಕೊಳ್ಳಿ. ಒಳ್ಳೆಯದಾಗಲಿ.