ಉಪಕರಣಗಳ ಕೊಟ್ಟಿಗೆಗೆ ತಕ್ಕ ಮೇಸ್ತ್ರಿಯನ್ನು ಆರಿಸುವ ಕ್ರಮ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯು ಕೊಟ್ಟಿಗೆ ಕಟ್ಟಿಸುವವರಿಗೂ ಸಲ್ಲತಕ್ಕದ್ದೇ ಆಗಿದೆ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿರುವ ಕಾಮಗೆರೆಯಲ್ಲಿಯೂ ಅದರ ಸುತ್ತಣ ಗ್ರಾಮಗಳಲ್ಲಿಯೂ ಹಿಂದಿನ ಕಾಲದಲ್ಲಿ ರೈತನ ಉಪಕರಣಗಳೆಂದರೆ ನೇಗಿಲು, ಕುಂಟೆ, ಕೂರಿಗೆ, ಗಾಡಿ ಇಷ್ಟೇ ಆಗಿದ್ದುವು. ಇವು ದನದ ಕೊಟ್ಟಿಗೆಯ ಒಂದು ಮಗ್ಗುಲಲ್ಲಿ ಅಡಗುತ್ತಿದ್ದುವು. ಈಗಲಾದರೋ ಟ್ರ್ಯಾಕ್ಟರು, ಟಿಲ್ಲರು, ರೋಟವೇಟರು, ಔಷಧಿ ಸಿಂಪಡಿಸುವ ಯಂತ್ರ, ಪಂಪಿನ ಬಿಡಿಭಾಗಗಳು ಮೊದಲಾದುವು ಅನೇಕರ ಬಳಿ ಸೇರಿವೆ. ಅವುಗಳನ್ನು ಮಳೆ ಬಿಸಿಲುಗಳಿಂದ ಕಾಪಾಡುವುದಕ್ಕೂ, ಸಣ್ಣಪುಟ್ಟ ರಿಪೇರಿಯನ್ನು ಮನೆಯಲ್ಲಿಯೇ ಮಾಡಿಕೊಳ್ಳುವುದಕ್ಕೂ ಪ್ರತ್ಯೇಕವಾದ ಕೊಟ್ಟಿಗೆಯು ಅವಶ್ಯಕ. ಸಾಲ ಮಾಡಿ ಕೊಂಡ ಯಂತ್ರವು ಬಯಲಿನಲ್ಲಿ ತುಕ್ಕು ಹಿಡಿಯುತ್ತಿದ್ದರೆ ಸಾಲವು ಮಾತ್ರ ಬೆಳೆಯುತ್ತಿರುವುದು.

ಅಗ್ಗದ ಕೆಲಸದಿಂದಾಗುವ ನಷ್ಟ

ಕೊಟ್ಟಿಗೆಯು ಚಿಕ್ಕ ಕಟ್ಟಡವೆಂದು ಭಾವಿಸಿ, ಅದಕ್ಕೆ ಯಾವ ಮೇಸ್ತ್ರಿಯಾದರೂ ಸಾಕೆಂದು ತಿಳಿಯುವವರು ಬಹು ಮಂದಿ. ಒಬ್ಬ ರೈತನು ಎಲ್ಲರಿಗಿಂತ ಕಡಮೆ ದರ ಹೇಳಿದವನಿಗೆ ಕೆಲಸವನ್ನು ಒಪ್ಪಿಸಿ, ಹತ್ತರಲ್ಲಿ ಆರು ಪಾಲು ಹಣವನ್ನು ಮುಂಗಡವಾಗಿಯೇ ಕೊಟ್ಟನೆಂದು ಭಾವಿಸೋಣ. ಗೋಡೆಗಳು ಎದೆಮಟ್ಟಕ್ಕೆ ಏಳುವಷ್ಟರಲ್ಲಿ ಮೇಸ್ತ್ರಿಯು ಬೇರೊಂದು ಊರಿನ ಕೆಲಸಕ್ಕೆ ಹೊರಟುಹೋಗುತ್ತಾನೆ. ಏಪ್ರಿಲ್ ಮೇ ತಿಂಗಳುಗಳ ಗಾಳಿಮಳೆಗೆ ಸಿಮೆಂಟು ಸಾಲದ ಗಾರೆಯು ಸಂದುಗಳಿಂದ ಉದುರುತ್ತದೆ. ಎರಡನೆಯ ಮೇಸ್ತ್ರಿಯು ಬಂದು ನೋಡಿ, "ಈ ಗೋಡೆಯ ಮೇಲೆ ಭಾರ ಹೊರಿಸುವುದಕ್ಕಾಗದು, ಕಿತ್ತು ಕಟ್ಟಬೇಕು" ಎನ್ನುತ್ತಾನೆ. ಹೀಗೆ ಒಂದು ಕೊಟ್ಟಿಗೆಗೆ ಎರಡು ಸಲ ಹಣ ತೆತ್ತಂತಾಯಿತು. ಬಿತ್ತನೆಯ ಖರ್ಚಿಗೆಂದು ಇಟ್ಟ ಹಣವೂ ಅದರಲ್ಲಿ ಕರಗಿತು. ಇದಕ್ಕೆ ಕಾರಣ ಮೇಸ್ತ್ರಿಯ ಅಪ್ರಾಮಾಣಿಕತೆಯೊಂದೇ ಅಲ್ಲ, ಯಜಮಾನನ ಅವಸರವೂ ಹೌದು.

ಮೊದಲು ಯಜಮಾನನು ನಿಶ್ಚಯಿಸತಕ್ಕ ವಿಷಯಗಳು

ತನಗೆ ಬೇಕಾದುದು ಏನೆಂಬುದನ್ನು ತಿಳಿಯದ ಯಜಮಾನನಿಗೆ ಒಳ್ಳೆಯ ಮೇಸ್ತ್ರಿಯೂ ಸರಿಯಾದ ದರ ಹೇಳಲಾರನು. ಆದಕಾರಣ ಕೊಟ್ಟಿಗೆಯ ಉದ್ದಗಲ, ಗೋಡೆಯ ಎತ್ತರ, ಬಾಗಿಲಿನ ಅಳತೆ, ಛಾವಣಿಯ ಬಗೆ, ನೆಲದ ಬಗೆ, ರಿಪೇರಿಯ ಮೇಜಿಗೆ ಬೇಕಾದ ಸ್ಥಳ, ವಿದ್ಯುದ್ದೀಪದ ಏರ್ಪಾಡು ಇವುಗಳನ್ನು ಒಂದು ಕಾಗದದಲ್ಲಿ ಬರೆದಿಡತಕ್ಕದ್ದು. ಒಂದು ಟ್ರ್ಯಾಕ್ಟರಿಗೂ ಅದರ ಉಪಕರಣಗಳಿಗೂ 20 ಅಡಿ ಉದ್ದ, 15 ಅಡಿ ಅಗಲ, ಅಂದರೆ 3 ಚದರದ ಕೊಟ್ಟಿಗೆಯು ಸಾಮಾನ್ಯವಾಗಿ ಸಾಕಾಗುವುದು. ಬಾಗಿಲು 10 ಅಡಿ ಅಗಲಕ್ಕೆ ಕಡಮೆಯಿರದಿದ್ದರೆ ಅನುಕೂಲ. ಟ್ರೈಲರನ್ನೂ ಒಳಗೆ ನಿಲ್ಲಿಸಬೇಕಾದರೆ ಉದ್ದವನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಬೇಕು. ಗ್ರಾಮಠಾಣದ ನಿವೇಶನದಲ್ಲಿ ಕಟ್ಟುವುದಾದರೆ ಗ್ರಾಮ ಪಂಚಾಯಿತಿಯ ಅನುಮತಿಯನ್ನು ಮೊದಲೇ ಪಡೆಯಬೇಕು. "ಅನುಮತಿ ಬೇಕಿಲ್ಲ, ಎಲ್ಲವನ್ನೂ ನಾನು ನೋಡಿಕೊಳ್ಳುತ್ತೇನೆ" ಎನ್ನುವ ಮೇಸ್ತ್ರಿಯ ಮಾತನ್ನು ನಂಬತಕ್ಕದ್ದಲ್ಲ.

ಮೇಸ್ತ್ರಿಯ ಲಕ್ಷಣಗಳು

ಒಳ್ಳೆಯ ಮೇಸ್ತ್ರಿಯು ದರ ಹೇಳುವ ಮೊದಲು ಪ್ರಶ್ನೆಗಳನ್ನು ಕೇಳುತ್ತಾನೆ. ನೆಲವು ಕೆಂಪು ಮಣ್ಣೋ ಎರೆ ಮಣ್ಣೋ, ಗಾಳಿಮಳೆ ಯಾವ ಕಡೆಯಿಂದ ಬಡಿಯುತ್ತದೆ, ಒಳಗೆ ನಿಲ್ಲುವ ವಾಹನ ಎಷ್ಟು ಎತ್ತರ, ಮಳೆಯ ನೀರು ಎತ್ತ ಹರಿಯುತ್ತದೆ ಎಂದು ವಿಚಾರಿಸುತ್ತಾನೆ. ಎರೆ ಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುವುದರಿಂದ, ಅಲ್ಲಿ ಗಟ್ಟಿ ನೆಲ ಸಿಕ್ಕುವವರೆಗೆ ಪಾಯ ತೋಡದಿದ್ದರೆ ಗೋಡೆ ಬಿರಿಯುವುದು. ಸ್ಥಳವನ್ನು ನೋಡದೆ, ಹಾರೆಯಿಂದ ನೆಲವನ್ನು ಕುಕ್ಕಿ ಪರೀಕ್ಷಿಸದೆ, ನಿಂತ ನಿಲುವಿನಲ್ಲಿಯೇ ಚದರಕ್ಕೆ ಇಷ್ಟೆಂದು ಹೇಳುವವನ ವಿಷಯದಲ್ಲಿ ಎಚ್ಚರಿಕೆಯಿರಬೇಕು.

ಆತನು ಮಾಡಿದ ಮೂರು ಕೆಲಸಗಳನ್ನು ಯಜಮಾನನು ಖುದ್ದಾಗಿ ಹೋಗಿ ನೋಡತಕ್ಕದ್ದು: ಒಂದು ಈಗ ನಡೆಯುತ್ತಿರುವುದು, ಒಂದು ಹೊಸದಾಗಿ ಮುಗಿದುದು, ಇನ್ನೊಂದು ಎರಡು ಮೂರು ಮಳೆಗಾಲಗಳನ್ನು ಕಂಡುದು. ಹೊಸ ಸುಣ್ಣ ಬಳಿದ ಗೋಡೆಯು ಎಲ್ಲರದೂ ಚೆನ್ನಾಗಿಯೇ ಕಾಣುವುದು. ಮಳೆ ಕಂಡ ಗೋಡೆಯು ಮಾತ್ರ ಸತ್ಯವನ್ನು ಹೇಳುವುದು. ಅಲ್ಲಿ ಗಮನಿಸತಕ್ಕ ಅಂಶಗಳು ಇವು:

1. ಬಾಗಿಲು ಕಿಟಕಿಗಳ ಮೂಲೆಗಳಿಂದ ಓರೆಯಾಗಿ ಬಿರುಕುಗಳು ಹೊರಟಿವೆಯೇ?
2. ತೂಗುಗುಂಡನ್ನು ಇಳಿಬಿಟ್ಟರೆ ಗೋಡೆಯು ನೆಟ್ಟಗಿದೆಯೇ?
3. ಛಾವಣಿಯ ತಗಡುಗಳ ಬೋಲ್ಟುಗಳನ್ನು ಅಲೆಯ ಉಬ್ಬಿನ ಮೇಲೆ, ವಾಷರು ಇಟ್ಟು ಬಿಗಿದಿದೆಯೇ? ತಗ್ಗಿನಲ್ಲಿ ಬಿಗಿದ ಬೋಲ್ಟಿನ ತೂತಿನಿಂದ ನೀರು ಸೋರುವುದು.
4. ಛಾವಣಿಯ ಕಬ್ಬಿಣವನ್ನು ಗೋಡೆಗೆ ಬೋಲ್ಟಿನಿಂದ ಬಂಧಿಸಿದೆಯೇ, ಅಥವಾ ಸುಮ್ಮನೆ ಮೇಲಿಟ್ಟಿದೆಯೇ? ಮುಂಗಾರಿಗೆ ಮುಂಚಿನ ಬಿರುಗಾಳಿಗೆ ತಗಡು ಹಾರುವುದು ಇಂತಹ ಕಡೆಗಳಲ್ಲಿಯೇ.
5. ನೆಲದ ಮೇಲೆ ಒಂದು ಕೊಡ ನೀರು ಸುರಿದರೆ ಅದು ಬಾಗಿಲ ಕಡೆಗೆ ಹರಿಯುವುದೇ?

ಆ ಕಟ್ಟಡದ ಯಜಮಾನನನ್ನು ಮೇಸ್ತ್ರಿಯು ಎದುರಿಗಿಲ್ಲದ ಸಮಯದಲ್ಲಿ ಮಾತನಾಡಿಸುವುದು ಒಳ್ಳೆಯದು. ಹೇಳಿದ ದಿನಕ್ಕೆ ಕೆಲಸ ಮುಗಿಯಿತೇ, ಸೋರಿದಾಗ ಕರೆದರೆ ಬಂದನೇ ಎಂಬ ಎರಡು ಪ್ರಶ್ನೆಗಳು ಸಾಕು. ಸಿಮೆಂಟು ಕಬ್ಬಿಣಗಳ ಅಂಗಡಿಯಲ್ಲಿ ಆತನ ಬಾಕಿ ಎಷ್ಟಿದೆಯೆಂಬುದನ್ನೂ, ಕೈಕೆಳಗಿನ ಆಳುಗಳಿಗೆ ವಾರದ ಕೂಲಿಯನ್ನು ತಪ್ಪದೆ ಕೊಡುವನೇ ಎಂಬುದನ್ನೂ ತಿಳಿಯತಕ್ಕದ್ದು. ಸಂತೆಯ ದಿನ ಆಳುಗಳಿಗೆ ಕೂಲಿ ಕೊಡದ ಮೇಸ್ತ್ರಿಯ ಕೆಲಸವು ಮಧ್ಯದಲ್ಲಿಯೇ ನಿಲ್ಲುವುದು.

ದರಗಳನ್ನು ಹೋಲಿಸುವ ಬಗೆ

ಕೂಲಿ ಗುತ್ತಿಗೆ, ಸಾಮಾನು ಸಹಿತ ಗುತ್ತಿಗೆ ಎಂದು ಗುತ್ತಿಗೆಯು ಎರಡು ವಿಧ. ಮೊದಲನೆಯದರಲ್ಲಿ ಸಾಮಾನನ್ನು ಯಜಮಾನನೇ ಕೊಂಡು ಒದಗಿಸುತ್ತಾನೆ. ಚಿಕ್ಕ ಕಟ್ಟಡಕ್ಕೆ, ಸ್ಥಳದಲ್ಲಿಯೇ ವಾಸಿಸುವ ಯಜಮಾನನಿಗೆ, ಇದೇ ಉತ್ತಮ. ಮೇಲೆ ಹೇಳಿದ ಕಾಗದವನ್ನೇ ಮೂವರು ಮೇಸ್ತ್ರಿಗಳಿಗೂ ತೋರಿಸಿ ದರ ಕೇಳಬೇಕು. ಬೇರೆ ಬೇರೆ ಮಾತು ಹೇಳಿ ಪಡೆದ ದರಗಳನ್ನು ಹೋಲಿಸುವುದು ವ್ಯರ್ಥ.

ಸಾಮಾನು ಸಹಿತ ಗುತ್ತಿಗೆಯಲ್ಲಿ ಒಬ್ಬನ ದರವು ಉಳಿದಿಬ್ಬರಿಗಿಂತ ಬಹಳ ಕಡಮೆಯಿದ್ದರೆ, ಎಲ್ಲಿ ಕಡಮೆಯಾಯಿತೆಂದು ಕೇಳತಕ್ಕದ್ದು. 3 ಚದರದ ಕೊಟ್ಟಿಗೆಗೆ ಬಾಗಿಲು ಕಳೆದು 60 ಅಡಿ ಉದ್ದ, 10 ಅಡಿ ಎತ್ತರ, 9 ಅಂಗುಲ ದಪ್ಪದ ಇಟ್ಟಿಗೆಯ ಗೋಡೆಯೆಂದರೆ 450 ಘನ ಅಡಿಗಳಾಗುವುದು. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆಯಲ್ಲಿ ಇದನ್ನು ಕಟ್ಟಲು 50 ಕಿಲೋಗ್ರಾಂ ತೂಕದ ಸುಮಾರು 16 ಚೀಲ ಸಿಮೆಂಟು ಬೇಕು. ಒಂದಕ್ಕೆ ಒಂಬತ್ತು ಪಾಲು ಮರಳು ಬೆರಸಿದರೆ ಸುಮಾರು 11 ಚೀಲಕ್ಕೆ ಮುಗಿಯುವುದು. ಐದು ಚೀಲದ ಉಳಿತಾಯಕ್ಕಾಗಿ ಇಡೀ ಗೋಡೆಯ ಬಲವನ್ನು ಮಾರಿದಂತಾಗುವುದು. ಇಟ್ಟಿಗೆಯ ಅಳತೆಗೆ ತಕ್ಕಂತೆ ಈ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಮೆಯುಂಟು.

ಕರಾರು ಮತ್ತು ಹಣ ಕೊಡುವ ಕ್ರಮ

ಬಾಯಿಮಾತಿನ ಒಪ್ಪಂದವು ಎಷ್ಟು ಸ್ನೇಹವಿದ್ದರೂ ಸಾಲದು. ಛಾಪಾ ಕಾಗದದ ಮೇಲೆ ಅಳತೆ, ಗಾರೆಯ ಪ್ರಮಾಣ, ಸಾಮಾನಿನ ಬಗೆ, ಒಟ್ಟು ಹಣ, ಆರಂಭದ ಮತ್ತು ಮುಕ್ತಾಯದ ದಿನಗಳು, ಹೆಚ್ಚಿನ ಕೆಲಸದ ದರ, ಇವುಗಳನ್ನು ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಉಭಯರೂ ರುಜು ಮಾಡಬೇಕು. ಕೆಲಸಕ್ಕೆ ತಕ್ಕಂತೆ ಹಣ, ಇದೇ ಮುಖ್ಯ ಸೂತ್ರ. ನೂರು ಭಾಗದಲ್ಲಿ ಹಂಚುವ ಒಂದು ಕ್ರಮವು ಹೀಗಿದೆ:

ಕೆಲಸದ ಆರಂಭದಲ್ಲಿ 10;
ಪಾಯ ಮುಗಿದಾಗ 20;
ಗೋಡೆ ಮುಗಿದಾಗ 25;
ಛಾವಣಿ ಮುಗಿದಾಗ 25;
ನೆಲ ಮತ್ತು ಗಿಲಾವು ಮುಗಿದಾಗ 10;
ಮೊದಲನೆಯ ದೊಡ್ಡ ಮಳೆಯ ತರುವಾಯ, ಇಲ್ಲವೆ ಮೂರು ತಿಂಗಳಾದ ಮೇಲೆ, ಯಾವುದು ಮೊದಲೋ ಆಗ 10.

ಪ್ರತಿ ಸಲವೂ ರಸೀತಿ ಪಡೆಯತಕ್ಕದ್ದು. ಹಣ ಪಡೆದು ಕೆಲಸ ಕೆಡಿಸಿದ ಮೇಸ್ತ್ರಿಯಿಂದ ನಷ್ಟ ಪಡೆಯಲು 1872ರ ಕರಾರು ಕಾಯಿದೆಯು ಅವಕಾಶ ಕೊಡುವುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡುವುದಾದರೆ ಎರಡು ವರ್ಷಗಳೊಳಗಾಗಿ ಕೊಡಬೇಕು. ಎಲ್ಲಿ ಹೋದರೂ ಮೊದಲು ಕೇಳುವುದು ಕರಾರನ್ನೂ ರಸೀತಿಗಳನ್ನೂ.

ಕೆಲಸ ನಡೆಯುವಾಗ

ಮೇಸ್ತ್ರಿಯು ಎಷ್ಟು ನಂಬಿಕೆಯವನಾದರೂ ಯಜಮಾನನ ಕಣ್ಣು ಇರತಕ್ಕದ್ದು. ಗಾಜಿನ ಸೀಸೆಯಲ್ಲಿ ಅರ್ಧಕ್ಕೆ ಮರಳು, ಮೇಲೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕುಲುಕಿ ಮೂರು ಗಂಟೆಗಳ ಕಾಲ ಇಟ್ಟರೆ ಮಣ್ಣು ಮೇಲೆ ಪದರವಾಗಿ ನಿಲ್ಲುವುದು. 4 ಅಂಗುಲ ಮರಳಿನ ಮೇಲೆ ಅದು ಅಂಗುಲದ ಮೂರರಲ್ಲೊಂದು ಭಾಗವನ್ನು ಮೀರಬಾರದು. ಒಂದಕ್ಕೊಂದು ತಟ್ಟಿದರೆ ಒಳ್ಳೆಯ ಇಟ್ಟಿಗೆಯು ಕಂಚಿನಂತೆ ಧ್ವನಿ ಕೊಡುವುದು. ಕಟ್ಟುವ ಮೊದಲು ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಬೇಕು. ಗೋಡೆಗೆ ಕನಿಷ್ಠ 7 ದಿನ, ಕಾಂಕ್ರೀಟಿಗೆ ಕನಿಷ್ಠ 10 ದಿನ ತೇವ ಆರದಂತೆ ನೀರುಣಿಸಬೇಕು. ನೀರಿನ ಅಭಾವದ ಬೇಸಗೆಯಲ್ಲಿ ಇದಕ್ಕೆ ಏರ್ಪಾಡಿಲ್ಲದೆ ಕೆಲಸವನ್ನು ಆರಂಭಿಸಲೇಬಾರದು. ಇಂತಹ ಪರೀಕ್ಷೆಗಳಿಗೆ ಒಳ್ಳೆಯ ಮೇಸ್ತ್ರಿಯು ಕೋಪಿಸಿಕೊಳ್ಳುವುದಿಲ್ಲ.

ಗ್ರಾಮದ ಮುಖಂಡರ ಕರ್ತವ್ಯ

ಗ್ರಾಮದಲ್ಲಿ ಯಾರಿಗೆ ಮೇಸ್ತ್ರಿ ಬೇಕಾದರೂ ಮುಖಂಡರನ್ನೇ ಕೇಳುವುದು ವಾಡಿಕೆ. ಆದಕಾರಣ ಅವರು ನೆಂಟಸ್ತನವನ್ನಾಗಲಿ ದಾಕ್ಷಿಣ್ಯವನ್ನಾಗಲಿ ನೋಡದೆ, ತಾವು ಕಣ್ಣಾರೆ ಕಂಡ ಕೆಲಸದ ಮೇಲೆಯೇ ಹೆಸರು ಹೇಳತಕ್ಕದ್ದು. ಕೆಡಿಸಿದವನ ಸಂಗತಿಯನ್ನು ಮುಚ್ಚಿದರೆ ಮುಂದಿನ ರೈತನಿಗೆ ಹಾನಿ. ಕರಾರಿಗೆ ಸಾಕ್ಷಿಗಳಾಗಿ ನಿಲ್ಲುವುದೂ ಅವರಿಗೆ ಸಲ್ಲುವ ಕೆಲಸ.

ಇನ್ನೊಂದು ಮಾತನ್ನು ಜಮೀನುದಾರರು ಮರೆಯಬಾರದು. ಮೇಸ್ತ್ರಿಗಳೂ ಯಜಮಾನರ ವಿಷಯದಲ್ಲಿ ವಿಚಾರಿಸುತ್ತಾರೆ. ಮುಗಿದ ಕೆಲಸಕ್ಕೆ ತಪ್ಪು ಹುಡುಕಿ ಕೂಲಿ ಹಿಡಿಯುವವರ ಮನೆಗೆ ನುರಿತವನು ಬರುವುದಿಲ್ಲ. ಕೆಲಸವಿಲ್ಲದವನು ಮಾತ್ರ ಬರುತ್ತಾನೆ. ಸರಿಯಾಗಿ ನೋಡಿ ಆರಿಸುವುದು, ಬರೆದು ಒಪ್ಪುವುದು, ಅಳೆದು ಮಾಡಿಸುವುದು, ಆದ ಕೆಲಸಕ್ಕೆ ಅದೇ ದಿನ ಹಣ ಕೊಡುವುದು, ಈ ನಾಲ್ಕನ್ನು ಪಾಲಿಸುವ ರೈತನ ಕೊಟ್ಟಿಗೆಯು ಮಕ್ಕಳ ಕಾಲಕ್ಕೂ ನಿಲ್ಲುವುದು.