ಲಸಿಕೆ ದಿನದ ಪಾಠಗಳು

1. ಜ್ವರದ ಮಾತು ಸೂಜಿಗಿಂತ ಮೊದಲು. ಒಂದೂವರೆ ತಿಂಗಳಿಗೆ ಹಾಕುವ ಪೆಂಟಾದಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ಕಾಯಿಲೆಗೆ ತಡೆಯಿದೆ. ನಾಯಿಕೆಮ್ಮಿನ ಸತ್ತ ರೋಗಾಣು ಅದರಲ್ಲಿ ಇಡಿಯಾಗಿಯೇ ಇರುವುದರಿಂದ ಮಗುವಿನ ಮೈ ಬಿಸಿಯಾಗುವುದು, ತೊಡೆ ಊದುವುದು ಮಾಮೂಲು. ಒಂದೆರಡು ದಿನಕ್ಕೆ ಇಳಿಯುತ್ತದೆ. ಇದನ್ನು ಹೇಳದೆ ಕಳಿಸಿದರೆ ಸಂಜೆಯೊಳಗೆ ಅಜ್ಜಿ, “ಚೆನ್ನಾಗಿದ್ದ ಕೂಸಿಗೆ ಚುಚ್ಚಿ ಜ್ವರ ಬರಿಸಿದ್ರು” ಅಂತ ಬೀದಿಗೆಲ್ಲ ಸಾರಿರುತ್ತಾರೆ. ಅವರದೇನು ತಪ್ಪು? ಊತಕ್ಕೆ ಅರಿಸಿನ, ಕಾಫಿಪುಡಿ ಮೆತ್ತಬಾರದು, ಉಜ್ಜಬಾರದು. ತಣ್ಣೀರ ಬಟ್ಟೆ ಸಾಕು. ಫಿಟ್ಸ್ ಬಂದರೆ, ಏನು ಮಾಡಿದರೂ ಅಳು ನಿಲ್ಲದಿದ್ದರೆ ಆಸ್ಪತ್ರೆಗೇ ತರಬೇಕು.

2. ಬಿಸಿಜಿ ಹಾಕಿದ ಎಡತೋಳಿನಲ್ಲಿ ಕೆಲವು ವಾರ ಕಳೆದು ಗುಳ್ಳೆಯೆದ್ದು ಒಡೆಯುತ್ತದೆ. ಕೀವು ಕಂಡು ಸೂಜಿ ಕೊಳಕಾಗಿತ್ತು ಅಂದುಕೊಳ್ಳುತ್ತಾರೆ. ಲಸಿಕೆ ಕೆಲಸ ಮಾಡುವ ರೀತಿಯೇ ಅದು. ಕಲೆ ಬೀಳದಿದ್ದರೂ ಮತ್ತೆ ಹಾಕಿಸಬೇಕಿಲ್ಲ.

3. ಸಣ್ಣ ನೆಗಡಿಗೆ ಲಸಿಕೆ ಮುಂದೂಡಬೇಡಿ.

4. “ಒಂದೇ ದಿನ ಮೂರು ಸೂಜಿ ಈ ಕೂಸು ತಡೀತದಾ ಸಿಸ್ಟರ್?” ತಡೆಯುತ್ತದೆ. ನೆಲದ ಮೇಲೆ ಹೊರಳುವ ಮಗು ದಿನವೂ ಎದುರಿಸುವ ರೋಗಾಣುಗಳ ಮುಂದೆ ಇವು ಲೆಕ್ಕಕ್ಕೇ ಇಲ್ಲ. ಸಂಕಟ ಪಡುವುದು ಹೆಚ್ಚಾಗಿ ಅಪ್ಪಂದಿರು. ಬಾಗಿಲಾಚೆ ಹೋಗಿ ನಿಲ್ಲುತ್ತಾರೆ.

5. ಮೊಬೈಲಿನ ಸುದ್ದಿಗೆ ಬೈಗುಳ ಉತ್ತರವಲ್ಲ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸಾಪ್ ತುಂಬ ಪುಕಾರು. ಇದರಿಂದ ಮುಂದೆ ಮಕ್ಕಳಾಗುವುದಿಲ್ಲ ಎಂದು ಈಗಲೂ ಕೇಳುವವರಿದ್ದಾರೆ. ವಿಷಯ ಪೂರಾ ಉಲ್ಟಾ: ಬಸುರಿಗೆ ರುಬೆಲ್ಲಾ ತಗುಲಿದರೆ ಹುಟ್ಟುವ ಕೂಸಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು, ಅದನ್ನು ತಪ್ಪಿಸಲೆಂದೇ ಈ ಲಸಿಕೆ. ಓದಿಕೊಂಡವರು ಲಸಿಕೆಯಿಂದ ಆಟಿಸಂ ಬರುತ್ತದಾ ಎಂದು ಕೇಳುತ್ತಾರೆ. ಬ್ರಿಟನ್ನಿನ ವೇಕ್‌ಫೀಲ್ಡ್ 1998ರಲ್ಲಿ ಬರೀ ಹನ್ನೆರಡು ಮಕ್ಕಳ ಮೇಲೆ ಬರೆದ ಲೇಖನ ಆ ಭಯದ ಬೇರು. ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು, ಆತನ ವೈದ್ಯ ನೋಂದಣಿಯೂ ಅದೇ ವರ್ಷ ರದ್ದಾಯಿತು.

6. ಅನುಮಾನ ಇದ್ದವರ ಕೈಗೇ ಸೀಸೆ ಕೊಡಿ. ಲೇಬಲ್ ಮೇಲಿನ ವೃತ್ತದೊಳಗೊಂದು ಚೌಕವಿದೆ. ಲಸಿಕೆಗೆ ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ. ವೃತ್ತದ ಬಣ್ಣಕ್ಕೆ ಬಂದರೆ ಆ ಸೀಸೆ ಬಿಸಾಡಬೇಕು. ಸಿರಿಂಜ್ ಒಮ್ಮೆ ಒತ್ತಿದ ಮೇಲೆ ಲಾಕ್ ಆಗುತ್ತದೆ, ಎಳೆದು ನೋಡಲಿ. ಎಷ್ಟೋ ಜನಕ್ಕೆ ಇಷ್ಟು ಸಾಕು.

7. “ಏನೂ ಆಗಲ್ಲ” ಎಂಬ ಮಾತು ಬೇಡ. ತೀವ್ರ ಅಲರ್ಜಿ ತೀರಾ ಅಪರೂಪ, ಆದರೆ ಉಂಟು. ಅದಕ್ಕೇ ಅರ್ಧ ಗಂಟೆ ಕೂರಿಸುವುದು, ಕಿಟ್‌ನಲ್ಲಿ ಅಡ್ರಿನಲಿನ್ ಇಡುವುದು. ಬಸ್ ತಪ್ಪುತ್ತದೆ ಎಂದು ಎದ್ದವರಿಗೂ ಕಾರಣ ಬಿಡಿಸಿ ಹೇಳಿ, ಅಷ್ಟರಲ್ಲಿ ತಾಯಿ ಕಾರ್ಡಿನಲ್ಲಿ ಮುಂದಿನ ತಾರೀಕು ಬರೆದುಕೊಡಿ.