ಬೆಸುಗೆಯ ಪಕ್ಕದಲ್ಲೇ ಬಿರುಕು ಏಕೆ?

ಕಲ್ಟಿವೇಟರಿನ ಚೌಕಟ್ಟಿಗೋ ಟ್ರೇಲರಿನ ಎಳೆಯುವ ತೊಲೆಗೋ ಹಾಕಿಸಿದ ಬೆಸುಗೆ ಗಟ್ಟಿಯಾಗಿಯೇ ಉಳಿದು, ಅದರ ಅಂಚಿನಲ್ಲಿ ಹೊಸ ಬಿರುಕು ಕಾಣಿಸಿಕೊಳ್ಳುವುದನ್ನು ರೈತ ಬಾಂಧವರು ಗಮನಿಸಿರಬಹುದು. ಆಗ ವೆಲ್ಡರನ ಕೈಗುಣವನ್ನೋ ಕಬ್ಬಿಣದ ಕಳಪೆತನವನ್ನೋ ದೂರುವುದು ವಾಡಿಕೆ. ಇವೆರಡೂ ಸರಿಯಿದ್ದಾಗಲೂ ಹೀಗಾಗುವುದುಂಟು. ಬೆಸುಗೆ ಆರುವಾಗ ಉಕ್ಕಿನೊಳಗೆ ಉಳಿದುಬಿಡುವ ಬಿಗಿತ ಇದಕ್ಕೊಂದು ಮುಖ್ಯ ಕಾರಣ. ಇದನ್ನು ಉಳಿಕೆ ಒತ್ತಡವೆನ್ನುತ್ತಾರೆ. ಇದು ಬೇಸಾಯದ ವಿಷಯವೇ ಎಂದು ಕೆಲವರು ಕೇಳಬಹುದು; ಹದ ಆರುವ ವೇಳೆಗೆ ಕಲ್ಟಿವೇಟರ್ ಮುರಿದವರು ಕೇಳಲಾರರು.

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ, ನೀರು ಹೊಯ್ಯುವುದನ್ನು ಹಿರಿಯರು ಕಂಡಿದ್ದಾರೆ. ಆರುವ ಪಟ್ಟಿ ಕುಗ್ಗಲು ನೋಡುತ್ತದೆ, ಮರ ಬಿಡುವುದಿಲ್ಲ. ಪಟ್ಟಿಯಲ್ಲಿ ಎಳೆತ, ಮರದಲ್ಲಿ ಒತ್ತು ನಿಂತುಬಿಡುತ್ತವೆ. ಬೆಸುಗೆಯ ಗೆರೆಯೇ ಆ ಪಟ್ಟಿ, ಸುತ್ತಲಿನ ತಣ್ಣನೆಯ ಉಕ್ಕೇ ಆ ಮರ.

ಈ ಎಳೆತವನ್ನು ಮೊದಲೇ ಅಂದಾಜು ಮಾಡಬಹುದು. ಒಂದು ಮೀಟರ್ ಉದ್ದದ ಉಕ್ಕು 100 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಾದರೆ ಸುಮಾರು 1.2 ಮಿ.ಮೀ. ಕುಗ್ಗುತ್ತದೆ. ಕುಗ್ಗಲು ಸ್ವಲ್ಪವೂ ಬಿಡದಿದ್ದರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 2,400 ಕಿ.ಗ್ರಾಂ. ಎಳೆತ ಉಂಟಾಗುತ್ತದೆ. ಸಾಮಾನ್ಯ ಮೆದು ಉಕ್ಕು ಸುಮಾರು 2,500 ಕಿ.ಗ್ರಾಂ.ಗೆ ಮತ್ತೆ ಮರಳದಂತೆ ಹಿಗ್ಗತೊಡಗುತ್ತದೆ. ಬೆಸುಗೆಯಾದರೋ ಸುಮಾರು 1,500 ಡಿಗ್ರಿಯಿಂದ ಆರಬೇಕು! ಆದುದರಿಂದ ಬೆಸುಗೆಯ ಗೆರೆಯುದ್ದಕ್ಕೂ ಈ ಮಿತಿಯವರೆಗೆ ಎಳೆತ ನಿಂತಿದೆಯೆಂದೂ, ತುಸು ದೂರದಲ್ಲಿ ಅದನ್ನು ಸರಿದೂಗಿಸುವ ಒತ್ತು ಇದೆಯೆಂದೂ ಭಾವಿಸುವುದು ಕ್ಷೇಮ. ಬಿಗಿಯಾಗಿ ಹಿಡಿದು ಬೆಸೆದ ತುಂಡು ಸೊಟ್ಟಗಾಗದಿದ್ದರೆ ಸಂತೋಷಪಡುತ್ತೇವೆ. ಆದರೆ ಸೊಟ್ಟಗಾಗದ ತುಂಡಿನಲ್ಲಿಯೇ ಬಿಗಿತ ಹೆಚ್ಚು.

ಮೆದು ಉಕ್ಕಿನ ಮೇಲೆ ನಿಂತ ಭಾರಕ್ಕೆ ಇದರಿಂದ ಅಷ್ಟು ಅಪಾಯವಿಲ್ಲ. ಕಬ್ಬು ಹೇರಿದ ಟ್ರೇಲರ್ ಹಳ್ಳದಿಣ್ಣೆಯಲ್ಲಿ ಕುಲುಕುವಾಗ ಬರುವ ಎಳೆತ ಇದರೊಡನೆ ಸೇರುತ್ತದೆ. ಸಾವಿರಾರು ಸಲ ಹೀಗಾದರೆ ಬೆಸುಗೆಯ ಅಂಚು ಬಿರಿಯುತ್ತದೆ. ಎಳೆಯುವ ತೊಲೆ ದಾರಿಯಲ್ಲಿ ಮುರಿದರೆ ಹಿಂದೆ ಬರುವವರ ಪ್ರಾಣಕ್ಕೇ ಸಂಚಕಾರ.

ಸುಮಾರು 600 ಡಿಗ್ರಿಗೆ ಕಾಯಿಸಿ, ನಿಧಾನವಾಗಿ ಆರಿಸಿದರೆ ಈ ಬಿಗಿತ ಬಹುಮಟ್ಟಿಗೆ ಸಡಿಲುತ್ತದೆ. ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಅದಕ್ಕೆ ತಕ್ಕ ಕುಲುಮೆ ಇರುವುದಿಲ್ಲ. ಅಲ್ಲಿ ಸಾಧ್ಯವಾದುದು ಬೇರೆ. ಬಿರುಕಿನ ತುದಿಯಲ್ಲಿ ಮೊದಲು ಸಣ್ಣ ರಂಧ್ರ ಕೊರೆಸಿ, ಬಿರುಕನ್ನು ಪೂರ್ತಿ ಉಜ್ಜಿ ತೆಗೆಸಿ, ನಂತರ ಬೆಸೆಯಿಸತಕ್ಕದ್ದು. ತೇಪೆ ಹಾಕುವುದಾದರೆ ಮೂಲೆಗಳನ್ನು ದುಂಡಗೆ ಕತ್ತರಿಸಬೇಕು. ಎಳೆತ ಬೀಳುವ ಮಗ್ಗುಲಿನಲ್ಲಿ ತೊಲೆಗೆ ಅಡ್ಡಲಾಗಿ ಬೆಸುಗೆ ಬಾರದಂತೆ ನೋಡಿಕೊಳ್ಳಬೇಕು. ಗಟ್ಟಿಯಾಗಲೆಂದು ಅಗತ್ಯಕ್ಕಿಂತ ದಪ್ಪ ಬೆಸುಗೆ ಹಾಕಿಸುವ ರೂಢಿ ಖಂಡಿತ ಒಳ್ಳೆಯದಲ್ಲ: ಸುರಿದ ಲೋಹ ಹೆಚ್ಚಿದಷ್ಟೂ ಕುಗ್ಗುವ ಬಲ ಹೆಚ್ಚು. ಕೆಂಪಗಿರುವ ಬೆಸುಗೆಯ ಮೇಲೆ ನೀರು ಸುರಿಯಬಾರದು. ಗಾಡಿ ಚಕ್ರಕ್ಕೆ ಬೇಕಾದದ್ದು ಇಲ್ಲಿ ಬೇಡ.

ಬೆಸೆದ ತೊಲೆಯನ್ನು ಹಂಗಾಮಿನಲ್ಲಿ ವಾರಕ್ಕೊಮ್ಮೆ ಮಣ್ಣು, ಗ್ರೀಸು ಒರೆಸಿ, ಬೆಸುಗೆಯ ಎರಡೂ ಅಂಚುಗಳನ್ನೂ ಅದರ ಕೊನೆಗಳನ್ನೂ ಬೆಳಕಿನಲ್ಲಿ ಪರೀಕ್ಷಿಸಿರಿ. ಕೂದಲೆಳೆಯ ಗೆರೆಯಲ್ಲಿ ತುಕ್ಕಿನ ಬಣ್ಣ ಒಸರಿದ್ದರೆ ಆ ದಿನ ಟ್ರೇಲರಿಗೆ ಭಾರ ಹೇರಬೇಡಿರಿ.